ಅಜೀಜಿಯಾದ ‘ಬ್ಯಾಚುಲರ್’ ಅಬ್ಬ

ಅಜೀಜಿಯಾ ಅಂದ ಕೂಡಲೇ ನಮ್ಮೂರವರಿಗೆ ನೆನಪಾಗುವುದು ಮಕ್ಕಾ. ಹಜ್ ಕಮಿಟಿ ಮೂಲಕ ಹೋದವರು ಹೆಚ್ಚಾಗಿ ಉಳಿದುಕೊಳ್ಳುವುದು ಅಲ್ಲಿ. ನಾನು ಬೆಳೆದದ್ದು ಅದೇ ಹೆಸರಿನ ಇನ್ನೊಂದು ಬಡಾವಣೆಯಲ್ಲಿ, ಜಿದ್ದಾದ ಅಜೀಜಿಯಾದಲ್ಲಿ. ಇಂಡಿಯನ್ ಸ್ಕೂಲು, ಪಾಕಿಸ್ತಾನಿ ಸ್ಕೂಲು ಎರಡೂ ಆ ಭಾಗದಲ್ಲೇ ಇರುವುದರಿಂದ ಮಕ್ಕಳಿರುವ ಸಂಸಾರಗಳು ಅಲ್ಲೇ ಮನೆ ಹುಡುಕುತ್ತಿದ್ದವು. ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಮಲಯಾಳಂ, ಉರ್ದು, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಕನ್ನಡ ಕೇಳಬೇಕಾದರೆ ಮೇಲಿನ ಮಹಡಿಯ ಉಡುಪಿಯವರ ಮನೆಗೇ ಹೋಗಬೇಕು.

ಅಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಸಂಬಳದ್ದಲ್ಲ, ‘ಫ್ಯಾಮಿಲಿಯಾ, ಬ್ಯಾಚುಲರಾ?’ ಅನ್ನೋದು. ಫ್ಯಾಮಿಲಿ ಕಟ್ಟಡದಲ್ಲಿ ಒಂಟಿ ಗಂಡಸರಿಗೆ ಸಾಮಾನ್ಯವಾಗಿ ಮನೆ ಸಿಗುವುದಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಹೆಂಡತಿ ಮಕ್ಕಳು ಊರಲ್ಲಿದ್ದರೆ ಅವರು ಬ್ಯಾಚುಲರೇ.

2017ರ ಜುಲೈಯಿಂದ ವಿದೇಶಿ ನೌಕರರ ಕುಟುಂಬದವರ ಮೇಲೆ ಶುಲ್ಕ ಬಂತು. ತಲೆಗೆ ತಿಂಗಳಿಗೆ 100 ರಿಯಾಲ್. ವರ್ಷವರ್ಷವೂ 100 ಏರಿ 2020ಕ್ಕೆ 400 ಆಗುವುದೆಂದು ಮೊದಲೇ ಗೊತ್ತಿತ್ತು. ಉಮ್ಮ, ನಾನು, ತಂಗಿ: ಮೂರು ತಲೆ. ಅಂದರೆ ವರ್ಷಕ್ಕೆ 14,400 ರಿಯಾಲ್. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅಬ್ಬನಿಗೆ ಅದು ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ. ಮನೆ ಬಾಡಿಗೆ, ಸ್ಕೂಲ್ ಫೀಸು ಬೇರೆ.

2019ರಲ್ಲಿ ಪರೀಕ್ಷೆ ಮುಗಿದ ಮೇಲೆ ನಾವು ಮೂವರೂ ಎಕ್ಸಿಟ್ ಮಾಡಿ ಬಂಟ್ವಾಳಕ್ಕೆ ಬಂದೆವು. ಫ್ರಿಜ್ಜು, ಸೋಫಾ ಸಿಕ್ಕಿದ ಬೆಲೆಗೆ ಹೋದವು. ಅಬ್ಬ ಅದೇ ಅಜೀಜಿಯಾದಲ್ಲಿ, ಎರಡು ಬೀದಿ ಆಚೆ, ಆರು ಜನರ ರೂಮು ಸೇರಿದರು. ನಲವತ್ತೇಳನೇ ವಯಸ್ಸಿಗೆ ಬ್ಯಾಚುಲರ್ ಆದರು.

2022ರ ಸೌದಿ ಜನಗಣತಿಯ ಪ್ರಕಾರ 3.22 ಕೋಟಿ ಜನರಲ್ಲಿ 1.34 ಕೋಟಿ ವಿದೇಶಿಯರು. ಅವರಲ್ಲಿ ಭಾರತೀಯರು ಸುಮಾರು 18.8 ಲಕ್ಷ. ವಿದೇಶಿಯರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಮೂವರು ಗಂಡಸರು. ಆ ಅಂಕಿಯಲ್ಲಿ ಅಬ್ಬನೂ ಒಬ್ಬರು. ಅವರ ಆದಾಯ ಅಲ್ಲಿಯದು, ಆ ಆದಾಯದಲ್ಲಿ ಕಟ್ಟಿದ ಮನೆ ಬಂಟ್ವಾಳದ್ದು, ಮನೆಯ ಯಜಮಾನ ಅದರಲ್ಲಿ ಮಲಗುವುದು ವರ್ಷಕ್ಕೆ ಒಂದು ತಿಂಗಳು.

ಮೊನ್ನೆ ಫೋನಿನಲ್ಲಿ ಕೇಳಿದೆ, “ಅಬ್ಬ, ಈಗ ಮನೆಯಲ್ಲಿ ಎಷ್ಟು ಜನ ಇದ್ದೀರಿ?”

“ರೂಮಲ್ಲಿ ಆರು ಜನ. ಮನೆಯಲ್ಲಿ ನಾವು ನಾಲ್ಕೇ ಅಲ್ವಾ ಮಗಾ” ಅಂದರು.

ಗೆಳೆಯರೇ, ಈ ಸೆಮಿಸ್ಟರಿನ ನನ್ನ ಫೀಸು ಬಂದದ್ದು ಆ ರೂಮಿನಿಂದ. ನಿಮ್ಮಲ್ಲೂ ಕೆಲವರ ಫೀಸು ಇಂಥದ್ದೇ ರೂಮಿನಿಂದ ಬರುತ್ತಿರಬಹುದು. ಮುಂದಿನ ಸಲ ಫೋನ್ ಮಾಡಿದಾಗ ಆ ರೂಮಿನ ಬಗ್ಗೆಯೂ ಕೇಳಿ. ಬಾಡಿಗೆ ಎಷ್ಟು, ಇವತ್ತು ಅಡುಗೆ ಸರದಿ ಯಾರದು ಅಂತ.