ಗಡಿಯೂರಿನ ಅಕ್ಷರದ ಗುಂಡು

ಹಾಸ್ಟೆಲ್‌ನಲ್ಲಿ ಯಾರೇ ಹೊಸಬರು ಸಿಗಲಿ, ಮೊದಲ ಪ್ರಶ್ನೆ "ಯಾವೂರು ಮಗಾ?" ಅಂತಲೇ. ಮೊಳಕಾಲ್ಮೂರು ಹತ್ರ ಒಂದು ಹಳ್ಳಿ ಅಂದ್ರೆ ಕೆಲವರಿಗೆ ರೇಷ್ಮೆ ಸೀರೆ ನೆನಪಾಗುತ್ತೆ. ಉಳಿದವರು "ಅದು ಆಂಧ್ರದಲ್ಲಿ ಬರುತ್ತಲ್ವಾ?" ಅಂತಾರೆ. ಇಲ್ಲಪ್ಪಾ, ಚಿತ್ರದುರ್ಗ ಜಿಲ್ಲೆ. ಆದರೆ ಅವರು ಕೇಳೋದರಲ್ಲೂ ಅರ್ಥ ಇದೆ. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಾಣೋ ಬೆಟ್ಟಗಳಲ್ಲಿ ಯಾವುದು ನಮ್ಮ ರಾಜ್ಯದ್ದು, ಯಾವುದು ಅವರದ್ದು ಅಂತ ಬೆಟ್ಟ ನೋಡಿ ಹೇಳೋಕಾಗಲ್ಲ.

ಊರಲ್ಲಿ ಮನೆಗಳು ಕಡಿಮೆ, ಕಲ್ಲುಬಂಡೆಗಳು ಜಾಸ್ತಿ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬೆಂಗಳೂರಿನ ಬಸ್ಸು. ಬಟ್ಟೆಬರೆಗೆ, ಆಸ್ಪತ್ರೆಗೆ ಗಡಿಯಾಚೆಯ ರಾಯದುರ್ಗವೇ ಹತ್ತಿರ. ನಮ್ಮಜ್ಜಿ ತವರೂರೂ ಅದೇ. ಅಜ್ಜಿ ದೇವರ ಹತ್ರ ಕನ್ನಡದಲ್ಲಿ ಬೇಡಿಕೊಳ್ತಾಳೆ, ಎಮ್ಮೆಯನ್ನ ತೆಲುಗಿನಲ್ಲಿ ಬೈತಾಳೆ. ಅವಳು ಹುಟ್ಟಿದಾಗ ರಾಯದುರ್ಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಅಜ್ಜಿಯ ತವರುಮನೆ ಮಾತ್ರ ಇದ್ದಲ್ಲೇ ಇದೆ.

ಇಂಥ ಮೂಲೆಯಲ್ಲಿ ನೋಡೋಕೇನಿದೆ ಅಂತೀರಾ? ಅಶೋಕ ಚಕ್ರವರ್ತಿಯ ಶಾಸನಗಳಿವೆ. ಒಂದಲ್ಲ, ಮೂರು! ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ. ಕಾಲಲ್ಲಿ ಬಲ ಇದ್ದರೆ ಮೂರನ್ನೂ ನಡೆದೇ ನೋಡಬಹುದು. ಕ್ರಿ.ಪೂ. 3ನೇ ಶತಮಾನದ ಈ ಶಾಸನಗಳನ್ನು 1892ರಲ್ಲಿ ಹೊರಜಗತ್ತಿಗೆ ತಿಳಿಸಿದವರು ಬಿ.ಎಲ್. ರೈಸ್. ಬ್ರಹ್ಮಗಿರಿಯ ಬಂಡೆಗೆ ಊರವರು ಮೊದಲಿಂದಲೂ 'ಅಕ್ಷರದ ಗುಂಡು' ಅಂತಿದ್ದರು. ಓದೋಕೆ ಬರದಿದ್ದರೂ ಅದು ಅಕ್ಷರ ಅನ್ನೋದು ಅವರಿಗೆ ಗೊತ್ತಿತ್ತು.

ಜಟಿಂಗ ರಾಮೇಶ್ವರದ ಕತೆ ಇನ್ನೂ ಮಜವಾಗಿದೆ. ರಾವಣನ ಜೊತೆ ಹೋರಾಡಿದ ಜಟಾಯು ಬಿದ್ದದ್ದು ಇದೇ ಬೆಟ್ಟದ ಮೇಲೆ ಅಂತ ನಂಬಿಕೆ. ಅಲ್ಲಿನ ಶಾಸನದ ಬಂಡೆಗೆ 'ಬಳೆಗಾರನ ಗುಂಡು' ಅಂತ ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಅಂಗಡಿ ಹಾಕ್ತಿದ್ದರು, ಗುಡಾರದ ಕಂಬ ನಿಲ್ಲಿಸೋಕೆ ಬಂಡೆಯಲ್ಲೇ ತೂತು ಕೊರೆದಿದ್ದರು. ಚಕ್ರವರ್ತಿಯ ಮಾತು ಅಷ್ಟಷ್ಟೇ ಸವೆದುಹೋಯಿತು. ಬಳೆಗಾರರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಅವರಿಗೂ ಹೊಟ್ಟೆಪಾಡು, ಬಂಡೆ ಏನು ಹೇಳ್ತಿದೆ ಅಂತ ಅವರಿಗೆ ಓದಿ ಹೇಳಿದವರು ಯಾರೂ ಇರಲಿಲ್ಲ.

ಹಾಗಾದ್ರೆ ಬಂಡೆ ಏನು ಹೇಳುತ್ತೆ? ಅದು ಶುರುವಾಗೋದೇ ಕಾಗದದ ಥರ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸ್ತಾರೆ. ಆ ಇಸಿಲ ಅನ್ನೋ ಊರು ಇದ್ದದ್ದು ಬ್ರಹ್ಮಗಿರಿಯ ಬುಡದಲ್ಲೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆದಾಗ ಕಲ್ಲಿನ ಕೊಡಲಿ ಬಳಸಿದವರು, ಬೃಹತ್ ಶಿಲಾಸಮಾಧಿ ಕಟ್ಟಿದವರು, ಶಾತವಾಹನರ ಕಾಲದವರು ಒಬ್ಬರಾದ ಮೇಲೊಬ್ಬರು ಬದುಕಿದ್ದಕ್ಕೆ ಸಾಕ್ಷಿ ಸಿಕ್ಕಿತು. ಅಂದ್ರೆ ಇವತ್ತು ನಕಾಶೆಯ ಅಂಚಿನಲ್ಲಿರೋ ಈ ಜಾಗಕ್ಕೆ ಒಂದು ಕಾಲದಲ್ಲಿ ಸಾಮ್ರಾಜ್ಯದ ಪತ್ರ ಬರ್ತಿತ್ತು.

ಆ ಪತ್ರದಲ್ಲಿ ತಂದೆತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುಗಳನ್ನ ಗೌರವಿಸಿ ಅಂತೆಲ್ಲ ಇದೆ. ಇದನ್ನ ನಮ್ಮ ಶಾಲೆಯ ಮೇಷ್ಟ್ರೂ ಹೇಳ್ತಿದ್ದರು. ನನ್ನ ಮನಸ್ಸಲ್ಲಿ ನಿಂತಿರೋದು ಬೇರೆ ಎರಡು ಮಾತು. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಮುಟ್ಟಬಹುದು ಅನ್ನೋದು ಒಂದು. ಗಡಿಯಾಚೆಯ ಜನರಿಗೂ ಇದು ತಿಳಿಯಲಿ ಅನ್ನೋದು ಇನ್ನೊಂದು. ಗಡಿ ಜನರನ್ನ ನೆನೆಸಿಕೊಂಡ ಮಾತು ನಮ್ಮ ಗಡಿಯಲ್ಲೇ ಕಲ್ಲಿನ ಮೇಲಿದೆ ನೋಡಿ.

ಕೊನೆಯಲ್ಲಿ ಬರೆದವನ ಸಹಿ. ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ, ಆದರೆ 'ಲಿಪಿಕಾರ' ಅನ್ನೋ ತನ್ನ ಕೆಲಸದ ಹೆಸರನ್ನ ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಬರೆಯೋ ಆ ಲಿಪಿ ಓಡಾಡ್ತಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಅವನೂ ಆ ಕಡೆಯವನೇ ಇರಬೇಕು ಅಂತ ವಿದ್ವಾಂಸರು ಹೇಳ್ತಾರೆ. ಕೆಲಸಕ್ಕಾಗಿ ಸಾವಿರಾರು ಮೈಲಿ ಬಂದವನು, ಇಲ್ಲಿ ಯಾರಿಗೂ ಓದೋಕೆ ಬರದ ಲಿಪಿಯಲ್ಲಿ ಒಂದು ಪದ ಬಿಟ್ಟುಹೋದ.

ಪ್ಲೇಸ್‌ಮೆಂಟ್ ಆದರೆ ಮುಂದಿನ ವರ್ಷ ನಾನೂ ಊರು ಬಿಡ್ತೀನಿ. ನನ್ನ ಜೊತೆ ಓದಿದ ಹುಡುಗರಲ್ಲಿ ಹೆಚ್ಚಿನವರು ಆಗಲೇ ಬಿಟ್ಟಿದ್ದಾರೆ. ಫೋನ್ ಮಾಡಿದಾಗ ಅಪ್ಪ "ಹೊಲ ಕೋರಿಗೆ ಕೊಡ್ಲಾ?" ಅಂತ ಕೇಳ್ತಾರೆ, ನಾನು ಮಾತು ಬದಲಿಸ್ತೀನಿ. ಎಲ್ಲರೂ ಹೊರಟ ಮೇಲೆ ಅಕ್ಷರದ ಗುಂಡನ್ನ ತೋರಿಸೋಕೆ ಯಾರಿರ್ತಾರೆ? ಅದಕ್ಕೇ ಈ ರಜೆಯಲ್ಲಿ ಊರಿನ ಶಾಲೆ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಬ್ರಾಹ್ಮಿಯ ನಾಲ್ಕು ಅಕ್ಷರ ಕಲಿಸಬೇಕು ಅಂದ್ಕೊಂಡಿದ್ದೀನಿ. ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯಿಂದಲೇ ಬಂದದ್ದಲ್ವಾ, ಬೇಗ ಹಿಡೀತಾರೆ.

ನೀವೂ ಬನ್ನಿ. ಊಟಕ್ಕೆ ಅಜ್ಜಿ ಮುದ್ದೆ, ಶೇಂಗಾ ಚಟ್ನಿ ಮಾಡ್ತಾಳೆ. ಫೋಟೋ ಚೆನ್ನಾಗಿ ಬರಲಿ ಅಂತ ಅಕ್ಷರದ ಮೇಲೆ ಸೀಮೆಸುಣ್ಣ ಮಾತ್ರ ಉಜ್ಜಬೇಡಿ.