ಉಂಗುರಕ್ಕೆ ಮುಂಚಿನ ಮಾತು

ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಬೇಸಿಗೆಯಲ್ಲೂ ಗಾಳಿ ಕಿವಿ ಕಚ್ಚುತ್ತದೆ. ರಾಜ್ಯದ ಅತಿ ಎತ್ತರದ ಈ ಶಿಖರಕ್ಕೆ ಗದ್ದುಗೆಗೆ ಕೈಮುಗಿಯಲೆಂದೇ ಹತ್ತಿ ಬರುತ್ತಿದ್ದವರ ಕಾಲವೊಂದಿತ್ತು. ಈಗ ಬರುವವರಲ್ಲಿ ಕೆಲವು ಹುಡುಗರ ಜೇಬಿನಲ್ಲಿ ಪುಟ್ಟದೊಂದು ಮಖಮಲ್ಲಿನ ಡಬ್ಬಿ ಇರುತ್ತದೆ. ಮಂಜು ಸರಿಯುವುದನ್ನೇ ಕಾದು ಹುಡುಗ ಮಂಡಿಯೂರುತ್ತಾನೆ. ಗೆಳೆಯನೊಬ್ಬ ಮೊಬೈಲ್ ಹಿಡಿದು ದೂರ ನಿಲ್ಲುತ್ತಾನೆ. ಸುತ್ತ ನೆರೆದ ಪ್ರವಾಸಿಗರು ಸಿಳ್ಳೆ ಹಾಕುತ್ತಾರೆ. ಹುಡುಗಿ ಏನು ಹೇಳಬೇಕು? ಅಷ್ಟು ಜನರ ನಡುವೆ, ಅಷ್ಟು ಬೆಲೆಯ ವಸ್ತುವೊಂದು ಕಣ್ಣೆದುರು ಹೊಳೆಯುತ್ತಿರುವಾಗ, ‘ನನಗೆ ಯೋಚಿಸಲು ನಾಲ್ಕು ದಿನ ಬೇಕು’ ಎನ್ನಲು ಗಟ್ಟಿ ಎದೆಯೇ ಬೇಕು. ಪ್ರಶ್ನೆ ಕೇಳಿದ್ದು ಹುಡುಗನೋ ಉಂಗುರವೋ ಎಂಬ ಅನುಮಾನ ಹುಟ್ಟುವುದು ಇಲ್ಲೇ.

ಪರದೆಯ ಮೇಲೆ ಕಂಡದ್ದು ಊರಿಗೆ ಇಳಿಯುವುದು ಹೊಸತೇನಲ್ಲ. ಕ್ರಾಪಿನಿಂದ ಹಿಡಿದು ಚೂಡಿದಾರದವರೆಗೆ ಎಲ್ಲವೂ ಹಾಗೆಯೇ ಬಂದವು. ತಾರೆಯರ ನಿಶ್ಚಿತಾರ್ಥದ ಉಂಗುರಗಳ ಸುದ್ದಿಯೂ ಹಾಗೆಯೇ. ಯಾವ ನಟಿಯ ಬೆರಳಲ್ಲಿ ಎಷ್ಟು ಕ್ಯಾರೆಟ್ಟಿನ ಹರಳು ಎಂಬುದು ಕಾಲೇಜಿನ ಕ್ಯಾಂಟೀನಿನಲ್ಲಿ ಪರೀಕ್ಷೆಯ ಪಠ್ಯಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತದೆ. 1956ರಲ್ಲಿ ಮೊನಾಕೊದ ರಾಜಕುಮಾರ ರೇನಿಯರ್ ಹಾಲಿವುಡ್ಡಿನ ಗ್ರೇಸ್ ಕೆಲಿಗೆ ತೊಡಿಸಿದ್ದು ಹತ್ತು ಕ್ಯಾರೆಟ್ಟಿಗೂ ಮಿಗಿಲಾದ ವಜ್ರ; ಆಕೆ ತನ್ನ ಕೊನೆಯ ಚಿತ್ರದಲ್ಲಿ ಅದನ್ನು ತೊಟ್ಟುಕೊಂಡೇ ನಟಿಸಿದಳು. 1981ರಲ್ಲಿ ಬ್ರಿಟನ್ನಿನ ಡಯಾನಾ ಆರಿಸಿಕೊಂಡದ್ದು ಸಿಂಹಳದ 12 ಕ್ಯಾರೆಟ್ಟಿನ ನೀಲ, ಸುತ್ತ 14 ವಜ್ರ. ಆ ಉಂಗುರ ಲಂಡನ್ನಿನ ಅಂಗಡಿಯೊಂದರ ಸಿದ್ಧ ಮಾದರಿಗಳಲ್ಲಿ ಒಂದಾಗಿತ್ತು. ದುಡ್ಡಿದ್ದ ಯಾರೇ ಹೋಗಿ ಕೇಳಿದರೂ ಸಿಗುತ್ತಿತ್ತು. 1996ರಲ್ಲಿ ಆ ದಾಂಪತ್ಯ ಮುರಿಯಿತು, ಉಂಗುರ ಉಳಿಯಿತು. 2010ರಲ್ಲಿ ಮಗ ವಿಲಿಯಂ ಅದನ್ನೇ ಕೀನ್ಯಾಕ್ಕೆ ಒಯ್ದು ಕೇಟ್‌ಗೆ ತೊಡಿಸಿದ. ತಾಯಿಯ ನೆನಪಿಗೆಂದು ಕೊಟ್ಟ ಹಳೆಯ ಉಂಗುರ ಅದು ಎಂಬುದಷ್ಟೇ ಆ ಇಡೀ ಕಥೆಯಲ್ಲಿ ಮಲೆನಾಡಿನ ಅಜ್ಜಿಯರು ತಲೆದೂಗಬಹುದಾದ ಸಂಗತಿ.

ನಟ ರಿಚರ್ಡ್ ಬರ್ಟನ್ 1968ರಲ್ಲಿ ಹೆಂಡತಿ ಎಲಿಜಬೆತ್ ಟೇಲರ್‌ಗೆ 33 ಕ್ಯಾರೆಟ್ ದಾಟಿದ ವಜ್ರದ ಉಂಗುರ ಕೊಡಿಸಿದ. 1974ರಲ್ಲಿ ವಿಚ್ಛೇದನ, 1975ರಲ್ಲಿ ಅವರಿಬ್ಬರಿಗೇ ಮತ್ತೆ ಮದುವೆ, 1976ರಲ್ಲಿ ಮತ್ತೆ ವಿಚ್ಛೇದನ. ಟೇಲರ್ ತೀರಿಕೊಂಡ ವರ್ಷವೇ, 2011ರಲ್ಲಿ, ಆ ಉಂಗುರ ಹರಾಜಿನಲ್ಲಿ 88 ಲಕ್ಷ ಡಾಲರಿಗೆ ಹೋಯಿತು. ವಜ್ರ ಶಾಶ್ವತ ಎಂಬ ಮಾತು ನಿಜ, ವಜ್ರದ ಮಟ್ಟಿಗೆ.

ಆ ಮಾತೂ ಯಾವ ಋಷಿಯದೂ ಅಲ್ಲ. ಡಿ ಬಿಯರ್ಸ್ ಎಂಬ ವಜ್ರದ ಕಂಪನಿಗಾಗಿ 1947ರಲ್ಲಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಗೆರೆಟಿ ಎಂಬಾಕೆ ಬರೆದುಕೊಟ್ಟ ಸಾಲು ಅದು. ಉಂಗುರಕ್ಕೆ ಎರಡು ತಿಂಗಳ ಸಂಬಳ ಹಾಕಬೇಕು ಎಂಬ ಲೆಕ್ಕವನ್ನು 1980ರ ದಶಕದಲ್ಲಿ ಊರೂರಿಗೆ ಹಂಚಿದ್ದೂ ಅದೇ ಕಂಪನಿಯ ಜಾಹೀರಾತು. ಕಾಫಿ ಸೀಮೆಯಲ್ಲಿ ಈ ಲೆಕ್ಕ ಹಾಕುವುದು ಹೇಗೆ? ಇಲ್ಲಿ ತಿಂಗಳ ಸಂಬಳವೆಂಬುದು ಎಷ್ಟು ಮನೆಗೆ ಬರುತ್ತದೆ? ಹೂಮಳೆ ಸಕಾಲಕ್ಕೆ ಬಿದ್ದರೆ ಫಸಲು, ಬೀಳದಿದ್ದರೆ ಸಾಲ. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟು ಇಲ್ಲಿ ಬೆಲೆ ಏರಿದಾಗ ಮೂಡಿಗೆರೆ ಸುತ್ತಿನ ಮದುವೆಗಳ ಚಪ್ಪರಗಳೂ ಅಗಲವಾದವು. ಕೆಲವೇ ವರ್ಷಗಳಲ್ಲಿ ಬೆಲೆ ನೆಲ ಕಚ್ಚಿತು, ಚಪ್ಪರದ ಅಗಲ ಮಾತ್ರ ಕಿರಿದಾಗಲಿಲ್ಲ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. ಎಸ್ಟೇಟ್ ಮಾಲೀಕರಿಗೆ ಇದು ಕಾಫಿ ಮೂಟೆಗಳ ಲೆಕ್ಕ. ತೋಟದ ಲೈನು ಮನೆಗಳಲ್ಲಿ ಇರುವವರಿಗೆ ಹಾಗಲ್ಲ. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ಕಿವಿಯೋಲೆ ಗಿರವಿ ಅಂಗಡಿ ಸೇರುವ ಮನೆಗಳಲ್ಲಿ ಉಂಗುರವೆಂದರೆ ಬೇರೆಯೇ ಪ್ರಶ್ನೆ. ಅಲ್ಲಿಯ ಹುಡುಗನೂ ಕಾಲೇಜಿಗೆ ಹೋಗುತ್ತಾನೆ, ಅದೇ ಸಿನಿಮಾ ನೋಡುತ್ತಾನೆ.

ಕಳಸದ ಸ್ಥಳಪುರಾಣದಲ್ಲಿ ಒಂದು ಮದುವೆಯ ಕಥೆ ಇದೆ. ಶಿವಪಾರ್ವತಿಯರ ಕಲ್ಯಾಣಕ್ಕೆಂದು ದೇವಾನುದೇವತೆಗಳೆಲ್ಲ ಕೈಲಾಸದಲ್ಲಿ ನೆರೆದಾಗ ಭೂಮಿ ಉತ್ತರಕ್ಕೆ ವಾಲಿತಂತೆ. ಸಮತೂಕಕ್ಕೆಂದು ಶಿವ ಅಗಸ್ತ್ಯರನ್ನು ದಕ್ಷಿಣಕ್ಕೆ ಕಳಿಸಿದ. ಕಳಸದಲ್ಲಿಯೇ ನಿಂತು ಮದುವೆ ನೋಡುವ ದಿವ್ಯದೃಷ್ಟಿಯನ್ನೂ ಕೊಟ್ಟ. ಆ ನೆನಪಿಗೆ ಕಳಸೇಶ್ವರನ ಸನ್ನಿಧಿಯಲ್ಲಿ ಗಿರಿಜಾ ಕಲ್ಯಾಣ ನಡೆಯುತ್ತದೆ. ಕರೆದ ಜನರ ಭಾರಕ್ಕೆ ಭೂಮಿ ವಾಲುವುದು ದೇವರ ಮದುವೆಯಲ್ಲೂ ತಪ್ಪಲಿಲ್ಲ ಎಂದ ಮೇಲೆ, ಹೆಣ್ಣು ಹೆತ್ತವರ ಬೆನ್ನು ಬಾಗುವುದರಲ್ಲಿ ಆಶ್ಚರ್ಯವೇನು?

ಇಷ್ಟಕ್ಕೂ ಮಲೆನಾಡಿನ ಹಳೆಯ ಮಾತುಕತೆಯಲ್ಲಿ ಉಂಗುರಕ್ಕೆ ಅಂಥ ಸ್ಥಾನವೇ ಇರಲಿಲ್ಲ. ಹೆಣ್ಣು ಒಪ್ಪಿಗೆಯಾಯಿತೆಂದರೆ ಎರಡೂ ಕಡೆಯ ಹಿರಿಯರು ಚಾಪೆಯ ಮೇಲೆ ಕುಳಿತು ವೀಳ್ಯ ಬದಲಾಯಿಸಿಕೊಳ್ಳುತ್ತಿದ್ದರು. ಹರಿವಾಣದಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಎಲ್ಲವೂ ಹಿತ್ತಲಿನದೇ. ಎಲೆ ಎರಡು ದಿನದಲ್ಲಿ ಬಾಡುತ್ತಿತ್ತು, ಕೊಟ್ಟ ಮಾತು ಬಾಡುವಂತಿರಲಿಲ್ಲ. ಇನ್ನು ಮದುವೆಯಾದವಳ ಗುರುತಿನ ಉಂಗುರ ಕೈಯಲ್ಲಿ ಅಲ್ಲ, ಕಾಲಿನಲ್ಲಿ. ಅದೂ ಬೆಳ್ಳಿಯದು. 1992ರಲ್ಲಿ ‘ಬೆಳ್ಳಿ ಕಾಲುಂಗುರ’ ಎಂಬ ಹೆಸರಿನ ಚಿತ್ರವೇ ಬಂತು. ಕ್ಯಾರೆಟ್ ಎಷ್ಟು ಎಂದು ಕಾಲುಂಗುರವನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಕೈಯುಂಗುರ ಇರಲೇ ಇಲ್ಲವೇ? ಇತ್ತು, ಆದರೆ ಬೇರೆ ದಾರಿಯಿಂದ ಬಂದಿತ್ತು. ‘ಹುಡುಗನಿಗೆ ಒಂದು ಸೂಟು, ಒಂದು ವಾಚು, ಒಂದು ಉಂಗುರ’ ಎಂದು ಮಾತುಕತೆಯ ಕೊನೆಯಲ್ಲಿ ಮೆಲ್ಲಗೆ ಸೇರಿಸುತ್ತಿದ್ದ ಸಾಲಿನಲ್ಲಿ. ಅದರ ಹೆಸರು ವರೋಪಚಾರ. ಉಪಚಾರವೆಂಬ ಶಬ್ದ ಎಷ್ಟು ಮೃದುವೋ ಅದರ ಹಿಂದಿನ ಒತ್ತಾಯ ಅಷ್ಟೇ ಗಡುಸು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೇಳುವುದು, ತೆಗೆದುಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಆದರೂ ಉಂಗುರ ಚಿಕ್ಕದಲ್ಲವೇ, ಮುಷ್ಟಿಯಲ್ಲಿ ಅಡಗುತ್ತದೆ. ಇಂದು ಮಂಟಪದಲ್ಲಿ ದೀಪ ಹಾಕಿ, ಹೊಗೆ ಬಿಟ್ಟು, ಉಂಗುರ ಬದಲಾಯಿಸುವ ಹೊಸ ಶಾಸ್ತ್ರದಲ್ಲಿ ಎರಡೂ ಉಂಗುರಗಳ ಬಿಲ್ಲು ಹುಡುಗಿಯ ಅಪ್ಪನ ಹೆಸರಿನಲ್ಲೇ ಇದ್ದರೆ, ಪಾಶ್ಚಾತ್ಯ ಪದ್ಧತಿ ಬಂತೆಂದು ಬೈಯುವುದರಲ್ಲಿ ಅರ್ಥವಿಲ್ಲ. ಹಳೆಯ ವರೋಪಚಾರವೇ ಹೊಸ ಅಂಗಿ ತೊಟ್ಟು ಬಂದಿದೆ.

ಪುರಾಣದ ಉಂಗುರಗಳ ಕಡೆಗೂ ಒಮ್ಮೆ ನೋಡಬಹುದು. ಶಾಕುಂತಲದ ಕಥೆ ಹೇಳಿ ಎಂದರೆ ಶಾಲೆಯ ಮಕ್ಕಳೂ ಉಂಗುರ, ಮೀನು, ಬೆಸ್ತ ಎನ್ನುತ್ತಾರೆ. ಅದು ಕಾಳಿದಾಸನ ನಾಟಕ. ಮಹಾಭಾರತದ ಮೂಲ ಕಥೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿ ಶಕುಂತಲೆ ಮಗನ ಕೈ ಹಿಡಿದು ದುಷ್ಯಂತನ ಆಸ್ಥಾನಕ್ಕೆ ಬರುತ್ತಾಳೆ, ರಾಜ ಗುರುತಿಲ್ಲವೆಂದಾಗ ಎದುರು ನಿಂತು ವಾದಿಸುತ್ತಾಳೆ. ಅವಳ ಬಳಿ ಇದ್ದದ್ದು ಮಾತು ಒಂದೇ. ಅಶೋಕವನದಲ್ಲಿಯೂ ಅಷ್ಟೆ. ಹನುಮಂತ ರಾಮನ ಮುದ್ರೆಯುಂಗುರವನ್ನು ತಂದದ್ದೇ ಎಲ್ಲರಿಗೂ ನೆನಪು. ಆದರೆ ವಾಲ್ಮೀಕಿಯ ಸೀತೆ ಮೊದಲು ಅವನನ್ನು ಅನುಮಾನಿಸುತ್ತಾಳೆ, ರಾಮ ಹೇಗಿದ್ದಾನೆ ಹೇಳು ಎಂದು ಕೇಳುತ್ತಾಳೆ. ಅವನು ವಿವರವಾಗಿ ಹೇಳಿ ಮುಗಿಸಿದ ಮೇಲೆಯೇ ಉಂಗುರ ಕೈಗೆ ಬರುವುದು.

ಮಾತು ಮೊದಲಾಗಿ ನಡೆದ ಮದುವೆಯೊಂದು ಈ ಕಾಫಿ ಗುಡ್ಡಗಳ ನಡುವೆಯೇ ಆಗಿದೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಪೂರ್ಣಚಂದ್ರ ತೇಜಸ್ವಿ, ಕುವೆಂಪು ಅವರ ಮಗ, ಮೇಷ್ಟರ ಕೆಲಸ ಹುಡುಕದೆ ಮೂಡಿಗೆರೆ ಕಡೆ ಬಂದು ಕಾಫಿ ತೋಟ ಮಾಡಲು ಹೊರಟರು. ಮೈಸೂರಿನ ವಿದ್ಯಾರ್ಥಿ ದಿನಗಳಲ್ಲಿ ಪರಿಚಯವಾದವರು ರಾಜೇಶ್ವರಿ, ತತ್ತ್ವಶಾಸ್ತ್ರ ಓದಿದವರು. ಅವರಿಬ್ಬರ ನಡುವೆ ಓಡಾಡಿದ್ದು ಕಾಗದಗಳು. ಎಷ್ಟೋ ವರ್ಷಗಳ ನಂತರ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಎಂಬ ತಮ್ಮ ಪುಸ್ತಕದಲ್ಲಿ ಆ ದಿನಗಳನ್ನು ಬರೆದರು, ಪತ್ರಗಳನ್ನೂ ಓದುಗರ ಮುಂದಿಟ್ಟರು. ಕಾಡಿನ ನಡುವಿನ ತೋಟ, ಆಗಷ್ಟೇ ಕಟ್ಟಿಕೊಳ್ಳಬೇಕಾಗಿದ್ದ ಬದುಕು. ಇದ್ದದ್ದನ್ನು ಇದ್ದ ಹಾಗೆ ಬರೆದು ತಿಳಿಸಬಹುದಾಗಿತ್ತು, ಓದಿದವರು ಹೂಂ ಅಥವಾ ಉಹೂಂ ಎನ್ನಬಹುದಾಗಿತ್ತು. ಕಾಗದದ ಗುಣವೇ ಅದು. ಉತ್ತರ ಬರೆಯುವವರಿಗೆ ಅದು ಸಮಯ ಕೊಡುತ್ತದೆ. ಬೆಟ್ಟದ ತುದಿಯಲ್ಲಿ ತೆರೆದ ಡಬ್ಬಿ ಕೊಡುವುದಿಲ್ಲ.

1966ರ ನವೆಂಬರಿನಲ್ಲಿ, ಅರೇಬಿಕಾ ಹಣ್ಣಾಗುವ ಕಾಲದಲ್ಲಿ, ತೇಜಸ್ವಿಯವರ ‘ಚಿತ್ರಕೂಟ’ ತೋಟದಲ್ಲಿ ಮದುವೆ ನಡೆಯಿತು. ಅದಕ್ಕಾಗಿ ಕುವೆಂಪು ಅವರೇ ಒಂದು ವಿಧಿಯನ್ನು ರೂಪಿಸಿದರು. ಅದೇ ‘ಮಂತ್ರ ಮಾಂಗಲ್ಯ’. ಪುರೋಹಿತರಿಲ್ಲ, ಓಲಗವಿಲ್ಲ, ಜಾತಕ ಮುಹೂರ್ತಗಳ ಗೊಡವೆಯಿಲ್ಲ, ವರದಕ್ಷಿಣೆ ವರೋಪಚಾರಗಳಿಗೆ ಜಾಗವಿಲ್ಲ. ಆಯ್ದ ಮಂತ್ರಗಳು, ಅವುಗಳ ಕನ್ನಡ ಅರ್ಥ, ನೆರೆದ ಕೆಲವೇ ಮಂದಿಯ ಎದುರು ವಧೂವರರು ಸಮಾನರಾಗಿ ನುಡಿಯುವ ಪ್ರತಿಜ್ಞೆ. ತಾನು ಏನನ್ನು ಒಪ್ಪುತ್ತಿದ್ದೇನೆ ಎಂಬುದು ಒಪ್ಪುವವರಿಗೆ ಅರ್ಥವಾಗಬೇಕು, ಅವರದೇ ಬಾಯಿಂದ ಬರಬೇಕು. ಇಷ್ಟು ಸರಳ ಬೇಡಿಕೆ ಇಂದಿಗೂ ಬಹಳ ಮನೆಗಳಿಗೆ ಭಾರವಾಗಿದೆ ಎಂಬುದು ಸೋಜಿಗ. ಆಮೇಲೆ ಎಷ್ಟೋ ಜೋಡಿಗಳು ಈ ದಾರಿ ಹಿಡಿದಿವೆ. ಆ ದಂಪತಿ ಮೂಡಿಗೆರೆಯಲ್ಲೇ ಬಾಳಿದರು. ತೇಜಸ್ವಿ 2007ರಲ್ಲಿ ತೀರಿಕೊಂಡರು, ರಾಜೇಶ್ವರಿ 2021ರಲ್ಲಿ.

ಇದನ್ನು ಓದಿದ ಹುಡುಗನೊಬ್ಬ, ‘ಹಾಗಾದರೆ ಉಂಗುರ ಕೊಡುವುದೇ ತಪ್ಪೇ?’ ಎನ್ನಬಹುದು. ತಪ್ಪೇನೂ ಇಲ್ಲ. ಪ್ರೀತಿಸಿದವರಿಗೆ ಚಂದದ್ದೊಂದನ್ನು ಕೊಡಬೇಕೆನಿಸುವುದು ಮನುಷ್ಯ ಸಹಜ. ಆದರೆ ಉತ್ತರ ಸಿಕ್ಕ ಮೇಲೆ ಇಬ್ಬರೂ ಹೋಗಿ ಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಬೆರಳಿನ ಅಳತೆಯನ್ನು ಕದ್ದು ತರುವ ಸಾಹಸವೂ ಉಳಿಯುತ್ತದೆ. ಓದುವ ಮಕ್ಕಳ ಮಟ್ಟಿಗೆ ಇನ್ನೊಂದು ಮಾತು: ಹಾಸ್ಟೆಲ್ ಫೀಜಿನಲ್ಲಿ ಉಳಿಸಿದ ದುಡ್ಡಿನ ಉಂಗುರ ಅಪ್ಪನ ಉಂಗುರವೇ ಹೊರತು ಮಗನದಲ್ಲ.

ಕೊಳ್ಳುವಾಗ ತಿಳಿದಿರಬೇಕಾದ ಸಂಗತಿಗಳನ್ನು ಅಂಗಡಿಯವರು ಕೇಳದೆ ಹೇಳುವುದು ಕಡಿಮೆ. ಕ್ಯಾರೆಟ್ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥವಿದೆ. ಹರಳಿಗೆ ಅದು ತೂಕ, ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ತೂಗುತ್ತಿದ್ದಂತೆ ಮೆಡಿಟರೇನಿಯನ್ ಕಡೆಯವರು ಕ್ಯಾರಬ್ ಎಂಬ ಮರದ ಬೀಜ ಇಡುತ್ತಿದ್ದರು, ಹೆಸರು ಅಲ್ಲಿಂದ ಬಂತು. ಚಿನ್ನಕ್ಕೆ ಅದು ಶುದ್ಧತೆ. 22 ಕ್ಯಾರೆಟ್ಟಿನದಕ್ಕೆ 916 ಎಂದೂ, 18ರದಕ್ಕೆ 750 ಎಂದೂ ಒಳಮೈಯಲ್ಲಿ ಒತ್ತಿರುತ್ತದೆ. 22 ಮೆತ್ತಗೆ, ಆದ್ದರಿಂದ ವಜ್ರ ಕೂರಿಸಲು 18 ಮೇಲು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗಳ ಮೇಲೆ ಅಕ್ಷರ ಅಂಕಿ ಸೇರಿದ ಆರು ಚಿಹ್ನೆಗಳ ಗುರುತೂ ಇರಬೇಕು. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಈ ಕಡ್ಡಾಯವಿಲ್ಲ, ಹಗುರ ಉಂಗುರ ಕೊಳ್ಳುವವರು ಎಚ್ಚರದಿಂದ ಕೇಳಬೇಕು. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ, ಮಜೂರಿ ಬೇರೆ ಬೇರೆಯಾಗಿ ಕಾಣಿಸಬೇಕು. ಹರಳನ್ನೂ ಚಿನ್ನದ ದರದಲ್ಲೇ ತೂಗಿ ಕೊಟ್ಟರೆ ಅದು ಬಹಳ ದುಬಾರಿ ಪ್ರೀತಿ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಅದೇ ಇಂಗಾಲ, ಬೆಲೆ ಬಹಳ ಕಡಿಮೆ. 2023ರಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಮೆರಿಕದ ಅಧ್ಯಕ್ಷರ ಪತ್ನಿಗೆ ಉಡುಗೊರೆಯಾಗಿ ಕೊಟ್ಟದ್ದು ಅಂಥದೇ. ಯಾವ ವಜ್ರವಾದರೂ ಸರಿ, ಕಷ್ಟಕಾಲದಲ್ಲಿ ಮಾರಲು ಹೋದರೆ ಕೊಟ್ಟ ಬೆಲೆ ಹಿಂದಕ್ಕೆ ಬರುವುದು ಅಪರೂಪ. ಚಿನ್ನ ಆ ಮಟ್ಟಿಗೆ ವಾಸಿ.

ಇನ್ನು ಕೈ. ಚಿತ್ರತಾರೆಯ ಕೈ ಕ್ಯಾಮೆರಾ ಎದುರಿಗೆ ಇರುವುದು. ಈ ಗುಡ್ಡಗಳ ಕೈ ಕಾಫಿ ಕೊಯ್ಯುತ್ತದೆ, ಮೆಣಸಿನ ಬಳ್ಳಿ ಕಟ್ಟುತ್ತದೆ, ಪ್ರಯೋಗಾಲಯದಲ್ಲಿ ಗಾಜು ಹಿಡಿಯುತ್ತದೆ, ದಿನಕ್ಕೆ ಹತ್ತು ಸಲ ನೀರಿಗೆ ಬೀಳುತ್ತದೆ. ಎತ್ತರಕ್ಕೆ ಕೂರಿಸಿದ ಹರಳು ರೆಂಬೆಗೂ ಸಿಕ್ಕಿಕೊಳ್ಳುತ್ತದೆ, ಮಳೆಗಾಲದ ಸ್ವೆಟರಿನ ಎಳೆಗೂ ಸಿಕ್ಕಿಕೊಳ್ಳುತ್ತದೆ. ಹರಳು ಬೇಕೇ ಬೇಕೆಂದರೆ ಸುತ್ತಲೂ ಅಂಚು ಕಟ್ಟಿ ತಗ್ಗಿಗೆ ಕೂರಿಸಿದ್ದು ಬಾಳಿಕೆ ಬರುತ್ತದೆ. ಅಜ್ಜಿಯ ಹಳೆಯ ಉಂಗುರವಿದ್ದರೆ ಕರಗಿಸುವ ಮೊದಲು ಅಕ್ಕಸಾಲಿಗರ ಹತ್ತಿರ ಒಮ್ಮೆ ಕೇಳುವುದು ಒಳ್ಳೆಯದು. ಕತ್ತರಿಸಿ ಬೆಸುಗೆ ಹಾಕಿ ಅಳತೆ ಸರಿಮಾಡುವ ಕೆಲಸಕ್ಕೆ ಆಗುವ ಖರ್ಚು ಸ್ವಲ್ಪವೇ.

ಅಳತೆಗೆ ಒಂದು ನೂಲು ಸಾಕು. ಚಳಿಗೆ ಬೆರಳು ಸಣ್ಣಗಾಗುತ್ತದೆ, ಬಿಸಿಲಿಗೆ ಊದಿಕೊಳ್ಳುತ್ತದೆ. ಆದ್ದರಿಂದ ಮಂಜು ಮುಸುಕಿದ ಬೆಳಗಿನಲ್ಲಿ ಅಳೆಯಬಾರದು, ಮಧ್ಯಾಹ್ನ ಕಳೆದು ಕೈ ಬೆಚ್ಚಗಿರುವಾಗ ಅಳೆಯಬೇಕು. ನೂಲನ್ನು ಗೆಣ್ಣಿನ ಮೇಲೂ ಒಮ್ಮೆ ದಾಟಿಸಿ ನೋಡಬೇಕು, ಏಕೆಂದರೆ ತೊಡುವಾಗ ದಾಟುವ ಉಂಗುರ ಬೇಕೆನಿಸಿದಾಗ ತೆಗೆಯಲೂ ಬರಬೇಕು.