ರಾಳದ ಬೆಂಕಿ

1997ರ ಫೆಬ್ರವರಿ. ನಾನಾಗ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಶಾಲಾ ವಾರ್ಷಿಕೋತ್ಸವಕ್ಕೆ ‘ಸತ್ಯ ಹರಿಶ್ಚಂದ್ರ’ ಆಡಿಸುವುದೆಂದು ತೀರ್ಮಾನವಾಯಿತು. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇದೆ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಆಟದ ದಿನ ಊಟದ ಹೊತ್ತು ಮೀರಿ ಶುರುವಾದ ಕುರುಕ್ಷೇತ್ರ ಕೋಳಿ ಕೂಗುವ ತನಕ ನಡೆಯುತ್ತದೆ. ಅಂಥ ಒಬ್ಬ ಮೇಷ್ಟ್ರನ್ನೇ ಶಾಲೆಗೂ ಕರೆಸಿದ್ದರು.

ನನಗೆ ನಕ್ಷತ್ರಿಕನ ಪಾತ್ರ. ಸಾಲ ವಸೂಲಿಗೆಂದು ವಿಶ್ವಾಮಿತ್ರ ಕಳಿಸಿದವನು, ಹರಿಶ್ಚಂದ್ರನ ಬೆನ್ನು ಹತ್ತಿ ಕಾಡುವವನು. 1965ರ ಸಿನಿಮಾದಲ್ಲಿ ನರಸಿಂಹರಾಜು ಮಾಡಿದ್ದರಿಂದ ಈ ಪಾತ್ರ ಎಲ್ಲರಿಗೂ ಗೊತ್ತು. ಹುಡುಗರು ಮಾಡಿದರೆ ಬರೀ ಅವರ ಅನುಕರಣೆಯಾಗುತ್ತದೆ, ಈ ಹುಡುಗಿಯ ಮಾತು ಸ್ಪಷ್ಟವಾಗಿದೆ ಎಂದು ಮೇಷ್ಟ್ರು ನನ್ನನ್ನು ಆರಿಸಿದರು. ಅಪ್ಪ ಮಗ್ಗದ ಮುಂದೆ ಕೂತಿದ್ದಾಗ ಹೋಗಿ ಹೇಳಿದೆ. ಮಗ್ಗದ ಸದ್ದಿಗೆ ಕೇಳಿಸಲಿಲ್ಲ. ನಿಲ್ಲಿಸಿ, ಇನ್ನೊಂದು ಸಲ ಹೇಳಿಸಿಕೊಂಡರು.

ಅವತ್ತು ನನ್ನ ಪಾತ್ರ ಚೆನ್ನಾಗಿ ಆಯಿತು. ಜನ ನಕ್ಕರು. ಹರಿಶ್ಚಂದ್ರ ವೀರಬಾಹುವಿಗೆ ತನ್ನನ್ನು ಮಾರಿಕೊಂಡು ಸಾಲ ತೀರಿಸಿದ ಮೇಲೆ ನನ್ನ ಕೆಲಸ ಮುಗಿದಂತೆ. ಆದರೆ ಒಳಗೆ ಕೈ ಸಾಲದೆ ಇತ್ತು. ಸ್ಮಶಾನದ ದೃಶ್ಯಕ್ಕೆ ಸೈಡ್ ವಿಂಗಿನಲ್ಲಿ ನಿಂತು ರಾಳದ ತಟ್ಟೆ ಹಿಡಿಯಲು ಹೇಳಿದರು. ವೇಷ ಬಿಚ್ಚಲು ಹೊತ್ತಿರಲಿಲ್ಲ. ಬಾಡಿಗೆಗೆ ತಂದ ಕಾವಿ ಜುಬ್ಬಾ, ಪಾಲಿಯೆಸ್ಟರ್ ಬಟ್ಟೆ, ತೋಳು ನನ್ನ ಕೈಗಿಂತ ಉದ್ದ.

ರಾಳ ಎಂದರೆ ಮರದ ಅಂಟಿನ ಪುಡಿ. ಉರಿಯುವ ಪಂಜಿನ ಮೇಲೆ ಒಂದು ಹಿಡಿ ಎರಚಿದರೆ ಭಗ್ಗೆಂದು ಆಳೆತ್ತರ ಉರಿ ಏಳುತ್ತದೆ, ಮರುಕ್ಷಣ ಇರುವುದಿಲ್ಲ. ಚಿತೆಯ ಬೆಳಕು ಬೇಕಾದಾಗ ಹಳೆಯ ನಾಟಕದವರು ಮಾಡುತ್ತಿದ್ದದ್ದು ಹೀಗೆಯೇ. ಹತ್ತನೇ ತರಗತಿಯ ಹುಡುಗನೊಬ್ಬ ಎರಚುತ್ತಿದ್ದ. ಪುಡಿ ಬಹಳ ನಯ. ತಟ್ಟೆ ಹಿಡಿದ ನನ್ನ ತೋಳಿನ ಮೇಲೆಲ್ಲ ಕೂತಿತ್ತು. ಎರಡು ಸಲ ಉರಿ ಸರಿಯಾಗಿ ಮೇಲಕ್ಕೆ ಹೋಯಿತು. ಮೂರನೆಯ ಸಲ ಹಿಂದಿನಿಂದ ಗಾಳಿ ಬಂತು. ಉರಿ ತಟ್ಟೆಗೆ ಬಂತು.

ಮೊದಲು ನೋವಿರಲಿಲ್ಲ. ಬೆಳಕು ಮಾತ್ರ ಇತ್ತು. ಆಮೇಲೆ ಕೂಗಿಕೊಂಡೆ. ಸ್ಮಶಾನದಲ್ಲಿ ಯಾರೋ ಕೂಗಿದರೆಂದು ಜನ ಚಪ್ಪಾಳೆ ತಟ್ಟಿದರು. ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಆ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ, ಅವರಿಗೆ ಗೊತ್ತಿರಲಿಲ್ಲ.

ಪರದೆ ಎಳೆಯುವವರು ಹೊದ್ದಿದ್ದ ಕಂಬಳಿಯನ್ನೇ ನನ್ನ ಮೇಲೆ ಹಾಕಿ ಒತ್ತಿ ಹಿಡಿದರು. ಬೆಂಕಿ ಆರಿತು. ಜುಬ್ಬಾದ ಬಟ್ಟೆ ಕರಗಿತ್ತು, ರಾಳವೂ ಕರಗಿತ್ತು. ಎರಡೂ ಬಲಗೈಗೆ ಅಂಟಿಕೊಂಡಿದ್ದವು. ಒಬ್ಬರು ಶಾಯಿ ಸುರಿಯಿರಿ ಎಂದರು. ಇನ್ನೊಬ್ಬರು ಟೂತ್‌ಪೇಸ್ಟ್ ತರಲು ಓಡಿದರು. ಶಾಲೆಯ ಅಟೆಂಡರ್ ಯಾರ ಮಾತನ್ನೂ ಕೇಳದೆ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಕೈ ಕೆಳಗೆ ಹಿಡಿದು ನಿಂತರು. ಬಹಳ ಹೊತ್ತು ನಿಂತರು. ಬೆರಳು ಉಳಿದದ್ದು ಆ ನೀರಿನಿಂದ ಎಂದು ಆಮೇಲೆ ಡಾಕ್ಟರು ಹೇಳಿದರು. ವೇದಿಕೆಯ ಹತ್ತಿರ ಒಂದು ಬಕೆಟ್ ನೀರೂ ಇರಲಿಲ್ಲ.

ಸೀರೆ ಸಾಗಿಸುವ ಮೆಟಡೋರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಸುಮಾರು ನಲವತ್ತು ಕಿಲೋಮೀಟರು. ಮೈಯೆಲ್ಲ ನಡುಗುತ್ತಿತ್ತು. ರಾಜಾನುಕುಂಟೆ ದಾಟುವಾಗ ನೋವು ಪೂರ್ತಿ ಬಂತು. ಅಮ್ಮ ನನ್ನ ಎಡಗೈ ಹಿಡಿದುಕೊಂಡಿದ್ದಳು, ಮಾತಾಡಲಿಲ್ಲ.

ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡು. ಅಲ್ಲಿದ್ದ ಹೆಂಗಸರಲ್ಲಿ ಬಹಳ ಮಂದಿ ಸ್ಟೌ ಸಿಡಿಯಿತು ಎನ್ನುತ್ತಿದ್ದರು. ಅದರ ಅರ್ಥ ನನಗಾಗ ಆಗಲಿಲ್ಲ. ಪೊಲೀಸರು ನನ್ನನ್ನೂ ಕೇಳಿದರು. ನಾಟಕದಲ್ಲಿ ಎಂದೆ. ಇನ್ನೊಂದು ಸಲ ಕೇಳಿ ಬರೆದುಕೊಂಡರು.

ಬೆಳಿಗ್ಗೆ ಡ್ರೆಸಿಂಗ್. ಹಳೆಯ ಗಾಜ್ ಗಾಯಕ್ಕೆ ಹಿಡಿದುಕೊಂಡಿರುತ್ತದೆ. ಸಲೈನಿನಲ್ಲಿ ನೆನೆಸಿ ನೆನೆಸಿ ಎತ್ತುತ್ತಾರೆ, ಆದರೂ ಚರ್ಮ ಜೊತೆಗೆ ಬರುತ್ತದೆ. ಆಮೇಲೆ ತಣ್ಣನೆಯ ಬಿಳಿ ಮುಲಾಮು. ತಳ್ಳುಗಾಡಿಯ ಗಾಲಿಯ ಸದ್ದು ಕೇಳಿದರೆ ಸಾಕು, ನನಗೆ ವಾಂತಿ ಬರುತ್ತಿತ್ತು. ಪಕ್ಕದ ಹಾಸಿಗೆಯ ಹೆಂಗಸು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿರಬೇಕು, ‘ನಿನ್ನ ನಾಟಕದ ಮಾತು ಹೇಳು, ನಾನು ಕೇಳ್ತೀನಿ’ ಎಂದಳು. ಅವತ್ತಿನಿಂದ ಡ್ರೆಸಿಂಗ್ ಆಗುವಾಗ ನಕ್ಷತ್ರಿಕನ ಮಾತುಗಳನ್ನು ಜೋರಾಗಿ ಹೇಳುತ್ತಿದ್ದೆ. ನೋವು ಕಡಿಮೆಯಾಗಲಿಲ್ಲ. ಎಷ್ಟು ಹೊತ್ತು ತಾಳಬೇಕು ಎಂಬುದು ಗೊತ್ತಾಗುತ್ತಿತ್ತು, ಕಾಶಿಯ ದೃಶ್ಯ ಬರುವಷ್ಟರಲ್ಲಿ ಕಟ್ಟು ಕಟ್ಟಿ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಖಾಲಿ ಇತ್ತು. ನರ್ಸನ್ನು ಕೇಳಿದೆ. ಅವರು ನನ್ನ ತಲೆ ಸವರಿದರು. ಅವತ್ತು ನಾನು ಮಾತು ಹೇಳಲಿಲ್ಲ.

ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಸುಟ್ಟ ಕೈಗಿಂತ ತೊಡೆಯೇ ಹೆಚ್ಚು ನೋಯುತ್ತಿತ್ತು. ನೋಡಲು ಬಂದ ನೆಂಟರು ಹೆಣ್ಣು ಹುಡುಗಿ, ಮುಂದೆ ಹೇಗೋ ಎನ್ನುತ್ತಿದ್ದರು. ನನ್ನ ಎದುರಿಗೇ. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು.

ಮನೆಗೆ ಬಂದಾಗ ಬೆರಳು ಒಳಕ್ಕೆ ಸೆಳೆಯತೊಡಗಿದ್ದವು. ಹೊಸ ಚರ್ಮ ಮಾಗುವಾಗ ಬಿಗಿಯುತ್ತದೆ. ದಿನವೂ ಬಿಡಿಸಿ ಮಡಿಸದಿದ್ದರೆ ಹಾಗೇ ನಿಲ್ಲುತ್ತದೆ ಎಂದು ಹೇಳಿ ಕಳಿಸಿದ್ದರು. ಅಮ್ಮ ಕಂಡಿಕೆ ಸುತ್ತಲು ಕೂರಿಸಿದಳು. ರೇಷ್ಮೆಯ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಬೇಕು. ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಎಳೆ ಜಾರುತ್ತಿತ್ತು. ಅಮ್ಮ ಮತ್ತೆ ಕೈಗೆ ಕೊಡುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಎಳೆ ನಿಂತಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯನ್ನು ಅದೇ ಕೈಯಲ್ಲಿ ಬರೆದೆ. ಕಿರುಬೆರಳು ಮಾತ್ರ ಇವತ್ತಿಗೂ ನೆಟ್ಟಗಾಗಿಲ್ಲ.

ನಮ್ಮ ಶಾಲೆಯಲ್ಲಿ ಆಮೇಲೆ ಕೆಲವು ವರ್ಷ ನಾಟಕವೇ ಆಗಲಿಲ್ಲ. ಅದು ನನಗೆ ಗಾಯಕ್ಕಿಂತ ಹೆಚ್ಚು ಬೇಜಾರು ತಂದಿತು. ನಾಟಕ ಮಾಡಿದ ತಪ್ಪೇನೂ ಇರಲಿಲ್ಲ.

ಈಗ ಸುತ್ತಲಿನ ಶಾಲೆಗಳವರು ಮಕ್ಕಳ ನಾಟಕಕ್ಕೆ ನನ್ನನ್ನು ಕರೆಯುತ್ತಾರೆ. ಹೋಗುತ್ತೇನೆ. ವೇಷದ ಬಟ್ಟೆ ಮುಟ್ಟಿ ನೋಡುತ್ತೇನೆ, ಹತ್ತಿಯದೇ ಬೇಕು, ತೋಳು ಮಣಿಕಟ್ಟು ದಾಟಬಾರದು. ಎರಡೂ ವಿಂಗಿನಲ್ಲಿ ಎರಡೆರಡು ಬಕೆಟ್ ನೀರು, ಒಂದೊಂದು ಕಂಬಳಿ. ರಾಳ ಬೇಡವೇ ಬೇಡ. ಕೆಂಪು ಕಾಗದ, ಒಂದು ಬಲ್ಬು, ಕೆಳಗಿನಿಂದ ಸಣ್ಣ ಫ್ಯಾನು ಇಟ್ಟರೆ ಚಿತೆ ಚೆನ್ನಾಗಿಯೇ ಉರಿಯುತ್ತದೆ.

ಕಳೆದ ಸಲ ಒಬ್ಬ ಹುಡುಗಿ ನನ್ನ ಕೈ ನೋಡಿ ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಹೋಗಿ ಬಕೆಟ್ಟುಗಳಲ್ಲಿ ನೀರಿದೆಯೇ ಎಂದು ನೋಡಿಕೊಂಡು ಬಂದಳು. ಆಮೇಲೆ ತನ್ನ ಮಾತನ್ನು ಒಂದು ಸಲ ಒಪ್ಪಿಸಿಕೊಳ್ಳಿ ಎಂದಳು.